ಬಿ.ಎಚ್. ರಸ್ತೆಯ ಆ ತುದಿ

2025ರ ಜುಲೈ 14ರಂದು ನಾನು ಗುಬ್ಬಿಯಲ್ಲಿ ಅಣ್ಣನ ಮನೆಯಲ್ಲಿದ್ದೆ. ನಡುಮನೆಯ ಟೀವಿಯಲ್ಲಿ ಶರಾವತಿ ಹಿನ್ನೀರಿನ ಹೊಸ ಸೇತುವೆ ಬಂತು. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ, ಎರಡು ಕಿಲೋಮೀಟರಿಗೂ ಉದ್ದ, ನಡುವೆ ಕೇಬಲ್ಲು ಬಿಗಿದ ಕಂಬಗಳು. ಕೇಂದ್ರ ಸಚಿವ ನಿತಿನ್ ಗಡ್ಕರಿ ಬಂದು ಉದ್ಘಾಟಿಸಿದರು. ಅಣ್ಣ ಕಾಫಿ ಲೋಟ ಕೆಳಗಿಟ್ಟು, ‘ಥತ್, ಲಾಂಚಲ್ಲಿ ಹೋಗೋ ಮಜಾನೇ ಹೋಯ್ತಲ್ಲವ್ವ’ ಎಂದ. ಸೇತುವೆಗೆ ಮುಂಚೆ ಹಿನ್ನೀರು ದಾಟಿಸುತ್ತಿದ್ದ ಆ ಲಾಂಚನ್ನು ಅವನು ಹತ್ತಿದ್ದು ಸಿಗಂದೂರಿಗೆ ಸಂಸಾರಸಮೇತ ಹೋದಾಗ. ಕಡಲೆಕಾಯಿ ತಿನ್ನುತ್ತಾ, ಗಾಳಿಗೆ ಮೈಯೊಡ್ಡಿ, ಮೊಮ್ಮಕ್ಕಳ ಫೋಟೋ ತೆಗೆಸಿಕೊಂಡು ದಾಟಿದವನು. ನನಗೆ ಬಾಯಿ ತುದಿಗೆ ಉತ್ತರ ಬಂತು. ಊಟಕ್ಕೆ ಕರೆದವರ ಮನೆಯಲ್ಲಿ ಜಗಳ ಯಾಕೆಂದು ಸುಮ್ಮನಾದೆ. ತುಮಕೂರಿಗೆ ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳಿಗೆ ಮಲ್ಲಸಂದ್ರ ಬಂದದ್ದೂ ಗೊತ್ತಾಗಲಿಲ್ಲ, ಹೆಗ್ಗೆರೆ ಬಂದದ್ದೂ ಗೊತ್ತಾಗಲಿಲ್ಲ.

ಈ ದಾರಿಯ ಹೆಸರು ಬಿ.ಎಚ್. ರಸ್ತೆ. ತುಮಕೂರಿನ ಈಗಿನ ಹುಡುಗರಿಗೆ ಅದು ಅಂಗಡಿ ಸಾಲು, ಕಾಲೇಜು, ಆಟೋ ಗಲಾಟೆ. ಬೆಂಗಳೂರು-ಹೊನ್ನಾವರ ರಸ್ತೆ ಎಂಬುದು ಬೋರ್ಡುಗಳಲ್ಲಿ ಎರಡಕ್ಷರವಾಗಿ ಕುಗ್ಗಿಹೋಗಿದೆ. ಹಿಂದೆ ತುಮಕೂರಿನಿಂದ ಹೊನ್ನಾವರದವರೆಗೂ ಇದು ರಾಷ್ಟ್ರೀಯ ಹೆದ್ದಾರಿ 206. ಈಗ ಸಂಖ್ಯೆಗಳನ್ನು ಹರಿದು ಹಂಚಿದ್ದಾರೆ, ಗುಬ್ಬಿ-ತಿಪಟೂರಿನ ತುಂಡು 73, ಬಾಣಾವರದಿಂದ ಆಚೆಯದು 69. ನಾವು ಮಕ್ಕಳಾಗಿದ್ದಾಗ ಅಪ್ಪ ಮನೆ ಮುಂದೆ ನಿಂತು ಪಡುವಣಕ್ಕೆ ಕೈ ತೋರಿಸಿ, ‘ಈ ರೋಡ್ ಹಿಡ್ಕಂಡು ಎಲ್ಲೂ ತಿರುಗ್ದಂಗೆ ಹೋಗ್ತಾ ಇದ್ರೆ ಸಮುದ್ರನೇ ಸಿಕ್ತೈತೆ ಕಣವ್ವ’ ಅನ್ನುತ್ತಿದ್ದ. ಅವನೂ ಆಗ ಸಮುದ್ರ ನೋಡಿರಲಿಲ್ಲ.

ಅಪ್ಪ ಒಂದು ಪ್ರೈವೇಟ್ ಬಸ್ಸಿನ ಕಂಡಕ್ಟರ್. ಮೊದಲು ಗುಬ್ಬಿ-ತುಮಕೂರು, ಆಮೇಲೆ ತುಮಕೂರಿನಿಂದ ಹೆಬ್ಬೂರಿನ ಮೇಲೆ ಕುಣಿಗಲ್ಲು. ಆ ಕುಣಿಗಲ್ಲಿನ ಟ್ರಿಪ್ಪುಗಳಲ್ಲೇ ನಮ್ಮಮ್ಮನ ಅಣ್ಣನ ಸ್ನೇಹವಾಗಿ, ಮಾತು ಬೆಳೆದು, ಮದುವೆಯಾದದ್ದು. ಹೆಗಲಿಗೆ ಚರ್ಮದ ಬ್ಯಾಗು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು. ರಾತ್ರಿ ಮನೆಗೆ ಬಂದು ಬ್ಯಾಗನ್ನು ಚಾಪೆಯ ಮೇಲೆ ಸುರಿದರೆ ಚಿಲ್ಲರೆ ಎಣಿಸುವ ಕೆಲಸ ನನ್ನದು. ಟಿಕೆಟ್ ಪುಸ್ತಕದ ಲೆಕ್ಕಕ್ಕಿಂತ ಚಾಪೆಯ ಮೇಲಿನ ದುಡ್ಡು ಯಾವಾಗಲೂ ಒಂದಿಷ್ಟು ಜಾಸ್ತಿ ಇರುತ್ತಿತ್ತು. ಸ್ಟೇಜಿಗೆ ಮುಂಚೆ ಇಳಿಯುವವರು, ಟಾಪ್ ಮೇಲಿನ ಎಳನೀರು ಗೊನೆ, ಕೋಳಿ ಬುಟ್ಟಿ, ಇವಕ್ಕೆಲ್ಲ ಟಿಕೆಟ್ ಹರಿಯುವ ಪದ್ಧತಿ ಇರಲಿಲ್ಲ. ಅಪ್ಪನನ್ನು ಪೂರ್ತಿ ಸಾಚಾ ಅಂತ ಹೇಳಿಕೊಂಡು ತಿರುಗಲಾರೆ. ಆ ಜಾಸ್ತಿ ದುಡ್ಡಿನಲ್ಲೇ ನಾನು ತುಮಕೂರಿನಲ್ಲಿ ಬಿ.ಕಾಂ. ಓದಿದ್ದು. ಓದಿ ಸೇರಿದ್ದು ಸಹಕಾರ ಸಂಘಗಳ ಲೆಕ್ಕಪರಿಶೋಧನೆಯ ಕೆಲಸಕ್ಕೆ. ಅಮ್ಮ ಇದನ್ನು ಹೇಳಿಕೊಂಡು ಸಾಯುವವರೆಗೂ ನಕ್ಕಳು.

1987ರಲ್ಲಿ ನೇಮಕದ ಆದೇಶ ಬಂದಾಗ ಊರಿನ ಹೆಸರು ಸಾಗರ. ಅಮ್ಮ ಅತ್ತಳು. ಹೆಣ್ಣುಹುಡುಗಿ, ಗೊತ್ತಿಲ್ಲದ ಊರು, ಜಿಗಣೆ, ಮಳೆ. ಅಪ್ಪ ಮಾತ್ರ ಆದೇಶದ ಕಾಗದವನ್ನು ಎರಡು ಸಲ ಓದಿಸಿ ಕೇಳಿ, ‘ನಮ್ ರೋಡಲ್ಲೇ ಐತಲ್ಲ’ ಎಂದ. ಅವನ ಪಾಲಿಗೆ ಅದು ಬೇರೆ ಊರಲ್ಲ, ಮುಂದಿನ ಸ್ಟೇಜು. ರಜೆ ಹಾಕಿ ಜೊತೆಗೆ ಹೊರಟ. ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ. ಪ್ರತಿ ನಿಲ್ದಾಣದಲ್ಲೂ ಇಳಿದು ಅಲ್ಲಿನ ಕಂಡಕ್ಟರುಗಳ ಹತ್ತಿರ ಕಲೆಕ್ಷನ್ ಹೇಗಿದೆ ಎಂದು ವಿಚಾರಿಸಿದ. ತೆಂಗು ಹಿಂದಾಗಿ, ಹೊಲ ಹಿಂದಾಗಿ, ಆಯನೂರು ದಾಟಿದ ಮೇಲೆ ಮರಗಳು ರಸ್ತೆಗೆ ಬಾಗಿಕೊಂಡವು. ಅಪ್ಪ ಮಾತು ನಿಲ್ಲಿಸಿ ಹೊರಗೆ ನೋಡುತ್ತಾ ಕೂತ.

ನನಗೆ ಅಲ್ಲಿಯತನಕ ನೀರೆಂದರೆ ಕುಣಿಗಲ್ಲಿನ ದೊಡ್ಡಕೆರೆ. ಅಜ್ಜಿಯ ಊರಿಗೆ ಹೋದಾಗ ಏರಿಯ ಮೇಲೆ ನಿಂತು ನೋಡಿ, ಇದಕ್ಕಿಂತ ಜಾಸ್ತಿ ನೀರು ಪ್ರಪಂಚದಲ್ಲಿ ಇರಲಾರದು ಎಂದುಕೊಂಡಿದ್ದೆ. ಜನಪದ ಹಾಡೇ ಇರುವ ಕೆರೆ ಅದು, ಸಣ್ಣದಲ್ಲ. ಮೀನುಗಾರರು ಹರಿಗೋಲಿನಲ್ಲಿ ಕೂತು ಒಂಟಿ ಹುಟ್ಟು ಹಾಕುತ್ತಾ ಬಲೆ ಬಿಡುತ್ತಿದ್ದರು. ಹೆಣ್ಣುಮಕ್ಕಳು ಅದನ್ನು ಹತ್ತುವ ಮಾತೇ ಇರಲಿಲ್ಲ. ನಾನು ದೋಣಿ ಅಂತ ಮೊದಲು ಹತ್ತಿದ್ದು ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನ ಲಾಂಚನ್ನೇ.

ಕೆಲಸಕ್ಕೆ ಸೇರಿದ ವಾರದಲ್ಲೇ ಹಿನ್ನೀರಿನ ಆಚೆ ದಡದ ಒಂದು ಸೇವಾ ಸಹಕಾರ ಸಂಘದ ಆಡಿಟ್ಟಿಗೆ ಹಾಕಿದರು. ಅಪ್ಪ, ‘ಅದೊಂದು ದಾಟಿಸಿ ಬರ್ತೀನಿ’ ಎಂದು ಅಲ್ಲಿಯವರೆಗೂ ಬಂದ. ಸಾಗರದಿಂದ ಬಸ್ಸು ಕಾಡಿನಲ್ಲಿ ತಿರುಗಿ ತಿರುಗಿ ಇಳಿಜಾರಿನ ಕೊನೆಗೆ ನಿಂತಿತು. ಮುಂದೆ ರಸ್ತೆ ನೀರೊಳಗೆ ಇಳಿದಿತ್ತು. ಡಾಂಬರು ಹಾಗೇ ನೀರಿನ ಕೆಳಗೆ ಹೋಗುವುದನ್ನು ನೋಡಿ ಅಪ್ಪ, ‘ಇದೇನವ್ವ, ರೋಡ್ ಮುಳುಗೋಗೈತೆ’ ಎಂದ. ಪಕ್ಕದಲ್ಲಿದ್ದ ಒಬ್ಬಾತ, ‘ರೋಡೊಂದೇ ಅಲ್ಲ ಯಜಮಾನ್ರೆ’ ಅಂದು ಬೀಡಿ ಹಚ್ಚಿಕೊಂಡ.

ಲಾಂಚು ಆಚೆಯಿಂದ ಬರುವುದು ಮೊದಲು ಕಿವಿಗೆ ಬಿತ್ತು. ಡೀಸೆಲ್ ಎಂಜಿನ್ನಿನ ಸದ್ದು ನೀರ ಮೇಲೆ ಬಹಳ ದೂರದಿಂದ ಬರುತ್ತದೆ. ಆಮೇಲೆ ಕಂಡಿತು. ಹಡಗಿನ ಚಿತ್ರ ಮನಸ್ಸಿನಲ್ಲಿಟ್ಟುಕೊಂಡಿದ್ದ ನನಗೆ ನಿರಾಸೆಯೇ ಆಯಿತು. ಚಪ್ಪಟೆ ಕಬ್ಬಿಣದ ತಳ, ಎರಡೂ ಬದಿಗೆ ಕಂಬಿ, ಒಂದಿಷ್ಟು ಹಲಗೆ ಬೆಂಚು, ಮೇಲೆ ಚಾಲಕನ ಗೂಡು, ಮುಂದೆ ಸರಪಳಿಯಲ್ಲಿ ಎತ್ತಿಳಿಸುವ ತಗಡಿನ ಬಾಗಿಲು. ಕಣಜದ ಬಾಗಿಲು ಕಿತ್ತು ನೀರಿಗೆ ಬಿಟ್ಟಂತಿತ್ತು. ಆ ಬಾಗಿಲು ದಡಕ್ಕೆ ಕೂತ ತಕ್ಷಣ ಜನ, ಸೈಕಲ್ಲು, ಅಡಿಕೆ ಚೀಲ, ಒಂದು ಜೀಪು ಎಲ್ಲ ಒಟ್ಟಿಗೆ ಇಳಿದವು.

ಇಲ್ಲಿ ಅಪ್ಪನಿಗೆ ಜೀವ ಬಂತು. ಹತ್ತಿಸುವ ಕೆಲಸ ಅವನ ಕಸುಬಲ್ಲವೇ. ವಾಹನಗಳನ್ನು ಹಿಮ್ಮುಖವಾಗಿ ಹತ್ತಿಸಿ, ಆಚೆ ದಡದಲ್ಲಿ ಮುಮ್ಮುಖವಾಗಿ ಇಳಿಸುವ ಕ್ರಮ, ಭಾರದ್ದು ನಡುವೆ, ಹಗುರದ್ದು ಅಂಚಿಗೆ, ಜನ ಒಂದೇ ಕಡೆ ಸೇರದಂತೆ ಗದರುವುದು, ಇವನ್ನೆಲ್ಲ ಅವನು ಕಣ್ಣು ಕಿರಿದು ಮಾಡಿಕೊಂಡು ನೋಡಿದ. ಲಾಂಚಿನ ಹುಡುಗ ಚಕ್ರಕ್ಕೆ ಮರದ ತುಂಡು ಇಟ್ಟದ್ದು ಸರಿಯಾಗಿಲ್ಲವೆಂದು ತಾನೇ ಬಗ್ಗಿ ಒದ್ದು ಕೂರಿಸಿದ. ಯಾರೂ ಕೇಳದೆಯೇ ‘ಒಳಗ್ ಬನ್ರಿ, ಒಳಗ್ ಬನ್ರಿ, ಅಂಚಲ್ಲಿ ನಿಲ್ಬ್ಯಾಡ್ರಿ’ ಎಂದು ಕೂಗಿದ. ಎಲ್ಲ ಹತ್ತಿದ ಮೇಲೆ ಅಭ್ಯಾಸಬಲದಿಂದ ‘ರೈಟ್’ ಅಂದುಬಿಟ್ಟ. ಲಾಂಚು ಹೊರಟೂ ಬಿಟ್ಟಿತು. ಸುತ್ತ ಇದ್ದವರು ನಕ್ಕರು, ಅಪ್ಪನೂ ನಕ್ಕ.

ನಡುನೀರಿಗೆ ಬಂದ ಮೇಲೆ ಅವನ ನಗು ಇಳಿಯಿತು. ಈಜು ಬರುತ್ತಿರಲಿಲ್ಲ, ನನಗೂ ಇಲ್ಲ. ಒಂದು ಕೈಲಿ ಕಂಬಿ, ಇನ್ನೊಂದು ಕೈಲಿ ನನ್ನ ಟ್ರಂಕಿನ ಹಿಡಿ. ಲಾಂಚು ಇಲ್ಲದ ಹೊತ್ತಿನಲ್ಲಿ ಆ ಕಡೆಯವರು ಸಾಗರಕ್ಕೆ ಹೇಗೆ ಬರುತ್ತಾರೆಂದು ಪಕ್ಕದವರನ್ನು ಕೇಳಿದ. ನಿಟ್ಟೂರಿನ ಮೇಲೆ ಸುತ್ತಿ ಬರಬೇಕು ಎಂದರು. ‘ನಿಟ್ಟೂರಾ? ನಮ್ ನಿಟ್ಟೂರಾ?’ ಎಂದು ಅಪ್ಪ ಬೆಚ್ಚಿಬಿದ್ದ. ಗುಬ್ಬಿಯಿಂದ ತಿಪಟೂರಿನ ಕಡೆಗೆ ಹೋಗುವಾಗ ಸಿಗುವ ನಿಟ್ಟೂರು ಅವನ ತಲೆಯಲ್ಲಿತ್ತು. ಅವರು ಹೇಳಿದ್ದು ಹೊಸನಗರ ತಾಲ್ಲೂಕಿನ ಕಾಡಿನ ನಿಟ್ಟೂರು. ಆಮೇಲೆ ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಯಾವ ಕೆಲಸ ಸುತ್ತಾದರೂ ‘ನಿಟ್ಟೂರಿನ ಮೇಲೆ ಹೋದಂಗಾಯ್ತು’ ಎನ್ನುತ್ತಿದ್ದೆವು.

ಅಪ್ಪ ಅದೇ ಲಾಂಚಿನಲ್ಲಿ ವಾಪಸು ಹೋದ. ಮುಂದಿನ ಎರಡು ವರ್ಷ ಆ ದಡಕ್ಕೆ ಹೋಗಿ ಬರುವುದು ನನಗೆ ರೂಢಿಯಾಯಿತು. ಬೆಳಗಿನ ಟ್ರಿಪ್ಪಿನಲ್ಲಿ ಯಾರು ಯಾರು ಇರುತ್ತಾರೆಂದು ಬಾಯಿಪಾಠ. ಕ್ಯಾನಿನಲ್ಲಿ ಹಾಲು ತರುವವನು, ಸಾಗರದ ಕಾಲೇಜಿಗೆ ಹೋಗುವ ಹುಡುಗರು, ಕೋರ್ಟಿನ ವಾಯಿದೆಗೆ ಹೊರಟ ಮುದುಕ, ಆಸ್ಪತ್ರೆಗೆ ಹೊರಟ ಯಾರೋ ಒಬ್ಬರು, ಅವರನ್ನು ಹಿಡಿದುಕೊಂಡ ಇನ್ನಿಬ್ಬರು. ಸಂಜೆಯ ಕೊನೆಯ ಟ್ರಿಪ್ಪಿನಲ್ಲಿ ಇವರೇ ತಿರುಗಿ ಸಿಗುತ್ತಿದ್ದರು. ಆಸ್ಪತ್ರೆಗೆ ಹೋದವರು ಒಮ್ಮೊಮ್ಮೆ ಇರುತ್ತಿರಲಿಲ್ಲ. ಮಧ್ಯೆ ಮಾತೆಲ್ಲ ಗಡಿಯಾರದ್ದು. ಲಾಂಚು ತಪ್ಪಿತೇ, ಸಿಕ್ಕೀತೇ, ಬಸ್ಸು ಕಾದೀತೇ. ಆ ದಡದವರಿಗೆ ಸಾಗರದಲ್ಲಿ ಮದುವೆಯೂಟಕ್ಕೆ ಕೂತಾಗಲೂ ಒಂದು ಕಣ್ಣು ಕೈಗಡಿಯಾರದ ಮೇಲೆ. ಪಾಯಸ ಬರುವ ಮುಂಚೆ ಎಲೆ ಬಿಟ್ಟು ಎದ್ದುಹೋಗುವವರನ್ನು ಕಂಡರೆ ‘ಇವರು ಹೊಳೆಯಾಚೆಯವರು’ ಎಂದು ಬಡಿಸುವವರೇ ಹೇಳುತ್ತಿದ್ದರು.

ಸಂಘದ ಕಟ್ಟಡ ಹೆಂಚಿನದು. ಒಂದು ಕೋಣೆ ಕಚೇರಿ, ಇನ್ನೊಂದು ರೇಷನ್ ಡಿಪೋ. ಕಾರ್ಯದರ್ಶಿ ನಡುವಯಸ್ಸಿನವರು, ಮೆಲುದನಿ, ಅಕ್ಷರ ಅಚ್ಚುಕಟ್ಟು. ನಗದು ಪುಸ್ತಕ ತಿರುವಿದರೆ ಶಿಲ್ಕು ಕಾಸಿಗೆ ಕಾಸು ಹೊಂದುತ್ತಿತ್ತು. ನನಗೆ ಬೆರಗು ಹುಟ್ಟಿಸಿದ್ದು ಸೀಮೆಎಣ್ಣೆಯ ರಿಜಿಸ್ಟರು. ಗುಬ್ಬಿ ತಾಲ್ಲೂಕಿನ ಸಂಘಗಳಲ್ಲಿ ತರಬೇತಿಗೆ ಕೂತಾಗ ಸೀಮೆಎಣ್ಣೆಯ ಪುಸ್ತಕ ತೆಳ್ಳಗಿರುತ್ತಿತ್ತು, ಒಲೆ ಹೊತ್ತಿಸುವುದಕ್ಕೆ, ಸ್ಟವ್ವಿಗೆ. ಇಲ್ಲಿ ಅದೇ ಎಲ್ಲಕ್ಕಿಂತ ದಪ್ಪ. ಮನೆಮನೆಯ ಹೆಸರು, ಹೆಸರಿನ ಮುಂದೆ ಲೀಟರು, ಲೀಟರಿನ ಮುಂದೆ ಸಹಿ ಇಲ್ಲವೇ ಹೆಬ್ಬೆಟ್ಟು. ಯಾಕೆ ಇಷ್ಟು ಎಂದು ಕೇಳಿದೆ. ‘ದೀಪಕ್ಕೆ ಮೇಡಂ. ಇಲ್ಲಿ ಎಷ್ಟೋ ಕೇರಿಗೆ ಕರೆಂಟ್ ಬಂದಿಲ್ಲ’ ಎಂದರು. ದನಿಯಲ್ಲಿ ದೂರೂ ಇರಲಿಲ್ಲ, ಕುಹಕವೂ ಇರಲಿಲ್ಲ. ಆಡಿಟರು ಕೇಳಿದ ಪ್ರಶ್ನೆಗೆ ಕೊಡುವ ವಿವರಣೆ, ಅಷ್ಟೇ.

ಲೆಕ್ಕ ನೋಡುವವಳಿಗೆ ಆ ಲೆಕ್ಕ ತಪ್ಪಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮರುವರ್ಷವೇ ಶರಾವತಿಯ ವಿದ್ಯುದಾಗಾರದಲ್ಲಿ ಯಂತ್ರಗಳು ತಿರುಗತೊಡಗಿದವು. ಈಗ ಅಲ್ಲಿ ಹತ್ತು ಯಂತ್ರಗಳು, 1,035 ಮೆಗಾವ್ಯಾಟ್. ನಾವು ಬೆಳೆಯುವ ಕಾಲಕ್ಕೆ ರಾಜ್ಯದ ದೀಪಗಳು ಬಹುಮಟ್ಟಿಗೆ ಈ ಹೊಳೆಯನ್ನೇ ನಂಬಿದ್ದವು. ಗುಬ್ಬಿಯ ನಮ್ಮ ಮನೆಯಲ್ಲಿ ಹಜಾರಕ್ಕೊಂದು, ಅಡುಗೆಮನೆಗೊಂದು ಬಲ್ಬು. ಬೇಸಿಗೆಯಲ್ಲಿ ಕರೆಂಟು ಹೋದರೆ ಅಪ್ಪ ಬೀದಿಗೆ ಬಂದು, ‘ಲಿಂಗನಮಕ್ಕೀಲಿ ನೀರಿಲ್ವಂತೆ’ ಎಂದು ನೆರೆಯವರಿಗೆ ಸುದ್ದಿ ಹೇಳುತ್ತಿದ್ದ. ಲಿಂಗನಮಕ್ಕಿ ನಮಗೆ ಪೇಪರಿನಲ್ಲಿ ಅಡಿಯ ಲೆಕ್ಕದಲ್ಲಿ ಬರುವ ಒಂದು ಸಂಖ್ಯೆ. 1,819 ಅಡಿ ಬಂದರೆ ತುಂಬಿತು, ಹಬ್ಬ. ಆ ಅಡಿಗಳು ಏರಿದಾಗ ಯಾರ ಅಂಗಳ ನೀರಾಯಿತು ಎಂದು ಪೇಪರಿನ ಆ ಮೂಲೆಯಲ್ಲಿ ಬರುತ್ತಿರಲಿಲ್ಲ.

ನಾನು ಉಳಿದುಕೊಳ್ಳುತ್ತಿದ್ದ ಮನೆಯ ಅಜ್ಜಿ ಹೇಳಿದರು. ಸಾಗರ, ಹೊಸನಗರ ತಾಲ್ಲೂಕುಗಳ ನೂರಾರು ಹಳ್ಳಿಗಳಿಗೆ ನೀರು ಹೊಕ್ಕ ಕಾಲ ಅವರು ಕಂಡದ್ದು. ಅದಕ್ಕೂ ಮುಂಚೆ 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಆದಾಗ ಒಂದು ಸಲ ಜಾಗ ಬಿಟ್ಟು ಮೇಲೆ ಬಂದಿದ್ದರಂತೆ. ಹದಿನಾರು ವರ್ಷ ಕಳೆಯುವುದರೊಳಗೆ ಲಿಂಗನಮಕ್ಕಿಯ ನೀರು ಆ ಅಣೆಕಟ್ಟನ್ನೇ ನುಂಗಿತು, ಇವರನ್ನು ಇನ್ನೂ ಮೇಲಕ್ಕೆ ಅಟ್ಟಿತು. ನೆಂಟರಿಷ್ಟರು ಲಾರಿಯಲ್ಲಿ ದನ, ಪಾತ್ರೆ, ಮಾಡಿನ ತೊಲೆ ಹೇರಿಕೊಂಡು ಶಿವಮೊಗ್ಗದ ಕಡೆಯ ಕಾಡಿಗೆ ಹೋದರು. ಇವರು ಗುಡ್ಡ ಹತ್ತಿ ಉಳಿದರು. ಗುಡ್ಡವೇ ಊರಾಯಿತು, ಮೂರು ಕಡೆ ನೀರಾಯಿತು. ‘ನೀ ದಾಟಿ ಬಂದ್ಯಲ್ಲೇ, ಲಾಂಚಿನ ಅಡಿಗೇ ನಮ್ಮ ಗದ್ದೆ’ ಎಂದು ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಹೇಳಿದರು. ಎಷ್ಟು ಗದ್ದೆ, ಯಾವ ಭತ್ತ, ಯಾವ ಮಾವಿನ ಮರ, ಎಲ್ಲ ಹೇಳಿದರು. ಪರಿಹಾರ ಎಷ್ಟು ಬಂತೆಂದು ನಾನು ಕೇಳಿದೆ. ಕಸುಬಿನ ಚಟ. ಅವರು ಆ ಮಾತನ್ನು ಅಲ್ಲೇ ಬಿಟ್ಟು, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

ಒಂದು ರಾತ್ರಿಯದನ್ನು ಬರೆಯಲೇಬೇಕು. ಬೇಸಿಗೆ ಮುಗಿಯುತ್ತಾ ಬಂದಿತ್ತು, ಹೊಳೆ ತಗ್ಗಿತ್ತು. ನೀರು ಇಳಿದಾಗ ಲಾಂಚಿನ ಬಾಗಿಲು ದಡಕ್ಕೆ ಎಟುಕುತ್ತಿರಲಿಲ್ಲ, ಬಸ್ಸು ಜೀಪು ಹತ್ತಿಸುವುದು ನಿಲ್ಲುತ್ತಿತ್ತು, ಜನ ಮಾತ್ರ ಕೆಸರು ತುಳಿದುಕೊಂಡು ಹತ್ತಬೇಕಿತ್ತು. ಕೊನೆಯ ಟ್ರಿಪ್ಪು ಮುಗಿದು ಎಷ್ಟೋ ಹೊತ್ತಾದ ಮೇಲೆ ಸಂಘದ ಹಿಂದಿನ ಕೇರಿಯಿಂದ ಕಾರ್ಯದರ್ಶಿಯನ್ನು ಕರೆಯಲು ಬಂದರು. ತುಂಬಿದ ಬಸುರಿ, ನೋವು ಶುರುವಾಗಿ ಮಧ್ಯಾಹ್ನದಿಂದ ಹೆರಿಗೆಯಾಗಿಲ್ಲ. ಕಂಬಳಿಯ ಜೋಲಿ ಕಟ್ಟಿದರು. ಕಾರ್ಯದರ್ಶಿ ಡಿಪೋದ ಬೀಗ ತೆಗೆದು ಬ್ಯಾರೆಲ್ಲಿನಿಂದ ಎಣ್ಣೆ ಹಿಡಿದು ಪೆಟ್ರೋಮ್ಯಾಕ್ಸಿಗೆ ತುಂಬಿ ಗಾಳಿ ಹೊಡೆದರು. ನಾನೂ ದಡದತನಕ ಹೋದೆ. ಮೀನಿನ ದೋಣಿಯಲ್ಲಿ ಅವಳನ್ನು ಮಲಗಿಸಿ, ಅವಳ ಅತ್ತೆ ತಲೆ ತೊಡೆಗಿಟ್ಟುಕೊಂಡು, ಇಬ್ಬರು ಹುಟ್ಟು ಹಾಕಿದರು. ಬೆಳಕು ಚಿಕ್ಕದಾಗುತ್ತಾ ಹೋಗುವಾಗ ಯಾರೋ ಒಬ್ಬರು ಆಚೆ ದಡಕ್ಕೆ ಕೇಳಲೆಂದು ಕೂ ಹಾಕುತ್ತಿದ್ದರು. ಆಚೆಯಿಂದ ಉತ್ತರ ಬರಲು ಬಹಳ ಹೊತ್ತು ಹಿಡಿಯಿತು.

ಮೂರನೆಯ ದಿನ ರಿಜಿಸ್ಟರು ನೋಡುತ್ತಾ ಕೂತಿದ್ದಾಗ ಏನಾಯಿತೆಂದು ಕೇಳಿದೆ. ‘ತಾಯಿ ಉಳಿದಳು’ ಎಂದರು ಕಾರ್ಯದರ್ಶಿ. ಮುಂದಿನ ಪುಟ ತಿರುವಿ, ‘ಸೀಮೆಎಣ್ಣೆ ದಾಸ್ತಾನು ಎರಡು ಲೀಟರ್ ಕಮ್ಮಿ ಬರ್ತದೆ ಮೇಡಂ, ಅವತ್ತಿನದು. ನನ್ನ ಹೆಸರಿಗೇ ಬರ್ಕೊಳ್ಳಿ’ ಎಂದರು. ಬ್ಯಾರೆಲ್ಲಿನ ಸರಕಿನಲ್ಲಿ ಸೋರಿಕೆಗೆಂದು ಒಂದಿಷ್ಟು ಬಿಡುತ್ತಾರೆ. ಎರಡು ಲೀಟರು ಅದರಲ್ಲಿ ಹೊಂದಿತು. ಚಾಪೆಯ ಮೇಲಿನ ಚಿಲ್ಲರೆ ಎಣಿಸಿ ಬೆಳೆದವಳಿಗೆ ಇಂಥದ್ದು ಹೇಳಿಕೊಡಬೇಕಿರಲಿಲ್ಲ.

ಆದರೂ ಒಂದು ಮಾತು ನಿಜ. ಆ ಎರಡು ವರ್ಷ ನಾನು ಆ ಲಾಂಚನ್ನು ಪ್ರೀತಿಸಿದೆ. ಮಾಗಿಯ ಬೆಳಗ್ಗೆ ಮಂಜು ನೀರಿನಿಂದ ಏಳುವಾಗ, ಒಣಗಿ ಕರ್ರಗಾದ ಮರದ ಬೊಡ್ಡೆಗಳ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿರುವಾಗ, ಎಂಜಿನ್ ಹತ್ತಿರದ ಬಿಸಿಗೆ ಕೈ ಕಾಯಿಸುತ್ತಾ ನಿಲ್ಲುವುದು ಸುಖವಾಗಿತ್ತು. ಊರಿಗೆ ಬರೆದ ಕಾಗದಗಳಲ್ಲೆಲ್ಲ ಅದೇ. ಅಮ್ಮ ಅವನ್ನು ಕುಣಿಗಲ್ಲಿನ ತನ್ನ ಅಕ್ಕತಂಗಿಯರಿಗೆ ಓದಿ ಹೇಳುತ್ತಿದ್ದಳಂತೆ. ಆ ಬೊಡ್ಡೆಗಳು ಯಾರದೋ ತೋಟದ ಮರಗಳೆಂದು ಗೊತ್ತಿದ್ದೂ ಚೆಂದ ಕಂಡಿದ್ದವು. ಈಗ ಯೋಚಿಸಿದರೆ ಆ ಸುಖಕ್ಕೆ ಕಾರಣ ಸರಳ. ನನ್ನ ಕಿಸೆಯಲ್ಲಿ ವರ್ಗಾವಣೆಯ ಅರ್ಜಿ ಇತ್ತು. ಹುಷಾರು ತಪ್ಪಿದರೆ ಗುಬ್ಬಿಗೆ ಬಸ್ಸು ಹತ್ತಬಹುದಿತ್ತು. 1989ರಲ್ಲಿ ತುಮಕೂರಿಗೆ ವರ್ಗವಾಗಿ ಬಂದವಳು ಮತ್ತೆ ಕೆಲಸದ ಮೇಲೆ ಆ ಕಡೆ ತಲೆ ಹಾಕಲಿಲ್ಲ.

2019ರಲ್ಲಿ ಅಕ್ಕನ ಮಗನ ಮನೆಗೆಂದು ಇಟಲಿಗೆ ಹೋಗಿದ್ದೆ. ಅವನಿರುವುದು ಮಿಲಾನಿನಲ್ಲಿ. ಒಂದು ಶನಿವಾರ ಚಿಂಕ್ವೆ ತೆರ್ರೆ ಎಂಬ ಕಡಲತಡಿಯ ಐದು ಊರುಗಳಿಗೆ ಕರೆದುಕೊಂಡು ಹೋದ. ಕಡಿದಾದ ಬೆಟ್ಟಕ್ಕೆ ಅಂಟಿಕೊಂಡ ಬಣ್ಣಬಣ್ಣದ ಮನೆಗಳು. ಮೊಂತೆರೊಸ್ಸೊದಿಂದ ವೆರ್ನಾತ್ಸಕ್ಕೆ ಪ್ಯಾಸೆಂಜರ್ ದೋಣಿ ಹತ್ತಿದೆವು. ಸಣ್ಣ ಪ್ರಯಾಣ, ಕೂತು ಸೆರಗು ಸರಿಮಾಡಿಕೊಳ್ಳುವುದರಲ್ಲಿ ಇಳಿಯುವ ಊರು ಬಂತು. ದೋಣಿಯವರು ಗಾಲಿಯ ಹಲಗೆಯೊಂದನ್ನು ಬಂಡೆಯ ಮೇಲಕ್ಕೆ ತಳ್ಳಿ, ಮುದುಕಿಯೆಂದು ನನ್ನ ಮೊಳಕೈ ಹಿಡಿದು ಇಳಿಸಿದರು. ಐದರಲ್ಲಿ ಕೊರ್ನಿಲಿಯ ಎಂಬ ಊರಿಗೆ ದೋಣಿ ನಿಲ್ಲುವುದಿಲ್ಲ, ಅದು ಬೆಟ್ಟದ ನೆತ್ತಿಯಲ್ಲಿದೆ. ಚಳಿಗಾಲದಲ್ಲಿ ದೋಣಿಗಳೇ ಇಲ್ಲ. ಸಮುದ್ರ ಕೆರಳಿದ ದಿನವೂ ಇಲ್ಲ. ‘ಹಾಗಾದರೆ ಇಲ್ಲಿಯವರು ಏನು ಮಾಡ್ತಾರಪ್ಪ?’ ಎಂದು ಕೇಳಿದೆ. ಅವನು ನಕ್ಕು ಬೆಟ್ಟದ ಕಡೆ ಬೆರಳು ತೋರಿಸಿದ. ಸುರಂಗದಿಂದ ರೈಲು ಹೊರಬರುತ್ತಿತ್ತು. ಬೆಟ್ಟ ಕೊರೆದು ಐದೂ ಊರಿಗೆ ರೈಲು ಬಂದು ನೂರು ವರ್ಷದ ಮೇಲಾಗಿದೆ. ದೋಣಿ ಇರುವುದು ನೋಡಲು ಬಂದವರಿಗೆ, ಬೇಕಾದವರು ಹತ್ತಬಹುದು.

ಅಂಥ ದೋಣಿಯ ಬಗ್ಗೆ ಮಜಾ ಎನ್ನುವ ಮಾತು ಒಪ್ಪುತ್ತದೆ. ಅಣ್ಣನಿಗೆ ಅವತ್ತು ಟೀವಿಯ ಮುಂದೆ ಇದನ್ನೇ ಹೇಳಬೇಕಿತ್ತು. ಅವನು ನೋಡಿದ ಲಾಂಚು ನಾನು ಬಿಟ್ಟು ಬಂದ ಲಾಂಚಲ್ಲ ಎಂಬುದೂ ಸರಿಯೇ. ನನ್ನ ಕಾಲಕ್ಕೆ ಸಿಗಂದೂರಿನ ಚೌಡೇಶ್ವರಿಗೆ ಹೊರಗಿನ ಭಕ್ತರು ಇದ್ದರೂ ಇಂದಿನ ಜಾತ್ರೆ ಇರಲಿಲ್ಲ. ಆಮೇಲೆ ನೋಡುತ್ತಾ ನೋಡುತ್ತಾ ‘ಶ್ರೀ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ’ ಎಂಬ ಬೋರ್ಡುಗಳು ನಮ್ಮ ಗುಬ್ಬಿಯ ತೆಂಗಿನ ತೋಟಗಳಿಗೂ, ಕುಣಿಗಲ್ ದಾರಿಯ ಸೈಟುಗಳ ಬೇಲಿಗೂ ಬಂದವು. ಎಳನೀರು ಕದಿಯುವವನಿಗೆ ಪೊಲೀಸರಿಗಿಂತ ಆ ಬೋರ್ಡಿನ ಭಯವೇ ಹೆಚ್ಚು. ರಜೆಯ ದಿನಗಳಲ್ಲಿ ಹೊಳೆಬಾಗಿಲಿನಲ್ಲಿ ಕಾರುಗಳ ಸಾಲು, ಆ ಸಾಲಿನ ಹಿಂದೆ ಹಾಲಿನ ಕ್ಯಾನಿನವನು, ಔಷಧದ ಚೀಟಿ ಹಿಡಿದವಳು. 2023ರ ಜೂನಿನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ನಮ್ಮ ಬೀದಿಯಿಂದಲೇ ಎಷ್ಟು ತಂಡ ಹೋಗಿ ಬಂದಿಲ್ಲ! ನನಗೂ ಕುಂಕುಮ ಪ್ರಸಾದ ತಂದುಕೊಟ್ಟಿದ್ದಾರೆ. ಯಾರೂ ತಪ್ಪು ಮಾಡಿದವರಲ್ಲ. ಆದರೆ ಲಾಂಚು ಹೋಯಿತಲ್ಲ ಎಂದು ಕಣ್ಣೀರು ಹಾಕುವ ವಿಡಿಯೋಗಳನ್ನು ನೋಡಿದಾಗ, ಅದನ್ನು ಮಾಡಿದವರಲ್ಲಿ ಒಬ್ಬರಾದರೂ ಕೊನೆಯ ಟ್ರಿಪ್ಪು ತಪ್ಪಿಸಿಕೊಂಡವರಿದ್ದಾರೆಯೇ ಎಂದು ಹುಡುಕುತ್ತೇನೆ.

ಈ ಹೊಳೆಯ ಕಥೆಯನ್ನು ನಮಗೆ ಹೇಳುತ್ತಾ ಬಂದವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. ‘ಮುಳುಗಡೆ’, ‘ದ್ವೀಪ’ ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಸೌಂದರ್ಯ ನಿರ್ಮಿಸಿ ನಟಿಸಿದರು, ಸ್ವರ್ಣ ಕಮಲ ಬಂತು. ನಾನು ಅದನ್ನು ಕುಣಿಗಲ್ಲಿನ ಚಿಕ್ಕಮ್ಮನ ಜೊತೆ ಕೂತು ಟೀವಿಯಲ್ಲಿ ನೋಡಿದೆ. ಚಿಕ್ಕಮ್ಮ ಅರ್ಧಕ್ಕೆ, ‘ಇವ್ರು ಯಾಕೆ ಬಿಟ್ಟು ಬರಲ್ಲ?’ ಎಂದಳು. ಗೊತ್ತಿಲ್ಲದೆ ಕೇಳಿದ ಪ್ರಶ್ನೆ. ಅಣೆಕಟ್ಟೆಯ ಅಧಿಕಾರಿಗಳೂ ಅದನ್ನೇ ಕೇಳಿದ್ದಿರಬೇಕು. ಡಿಸೋಜ ಅವರು ತೀರಿಕೊಂಡದ್ದು 2025ರ ಜನವರಿಯಲ್ಲಿ, ಸೇತುವೆಗೆ ಆರು ತಿಂಗಳು ಮುಂಚೆ.

ಸೇತುವೆಗೆ ಅಡಿಗಲ್ಲು ಹಾಕಿದ್ದು 2018ರಲ್ಲಿ, ಖರ್ಚು ನಾನ್ನೂರು ಕೋಟಿಗೂ ಮಿಗಿಲು. ದಟ್ಟ ಜನಸಂಖ್ಯೆಯಿಲ್ಲದ ಕಡೆಗೆ ಇಷ್ಟು ದುಡ್ಡೇಕೆ ಎಂದು ತುಮಕೂರಿನಲ್ಲಿ ನನ್ನ ಜೊತೆ ನಿವೃತ್ತರಾದವರೊಬ್ಬರು ಕೇಳಿದರು. ಅವರೂ ಆಡಿಟರೇ, ಆದ್ದರಿಂದ ಜಮಾ ಖರ್ಚಿನ ಭಾಷೆಯಲ್ಲೇ ಹೇಳಿದೆ. ಅರವತ್ತು ವರ್ಷ ಆ ಹೊಳೆಯ ಕರೆಂಟನ್ನು ಜಮಾ ಮಾಡಿಕೊಂಡವರು ಖರ್ಚಿನ ಕಡೆ ಏನು ಬರೆದಿದ್ದೀರಿ ಎಂದೆ. ಅವರು ಚಹಾ ತರಿಸಿದರು. ಖರ್ಚಿನ ಕಡೆ ಇನ್ನೂ ಒಂದು ದೊಡ್ಡ ಬಾಬತ್ತು ಹಾಗೇ ಉಳಿದಿದೆ. ಮುಳುಗಡೆಯಾಗಿ ಶಿವಮೊಗ್ಗದ ಸುತ್ತಲಿನ ಕಾಡಂಚಿಗೆ ಹೋದ ಕುಟುಂಬಗಳಲ್ಲಿ ಅನೇಕರಿಗೆ ಇಂದಿಗೂ ತಾವು ಉಳುವ ನೆಲದ ಹಕ್ಕುಪತ್ರವಿಲ್ಲ. ಮೂರನೆಯ ತಲೆಮಾರು ಅರ್ಜಿ ಹಿಡಿದು ನಿಂತಿದೆ. ಸೇತುವೆಯಾದ ಮೇಲೆ ಹಿನ್ನೀರಿನ ದಡದಲ್ಲಿ ಹೋಂಸ್ಟೇ, ರೆಸಾರ್ಟು ಅಂತ ಜಾಗ ಕೇಳುವವರು ಬರುತ್ತಾರೆ, ಬಂದಿದ್ದಾರೆ. ಕಾಗದ ಸರಿಯಿದ್ದವನಿಗೆ ಅದು ಲಾಭ. ಕಾಗದವೇ ಇಲ್ಲದವನು ಆ ಹೋಂಸ್ಟೇಯಲ್ಲಿ ಅಡುಗೆಗೆ ನಿಲ್ಲುತ್ತಾನೆ. ಇಷ್ಟರ ಮೇಲೂ ಸೇತುವೆ ಬೇಕಿತ್ತು, ಇನ್ನೂ ಮೂವತ್ತು ವರ್ಷ ಮುಂಚೆ ಬೇಕಿತ್ತು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಬರುವ ಬೇಸಿಗೆಯಲ್ಲಿ ಹೋಗಿಬರಬೇಕೆಂದಿದ್ದೇನೆ. ಕಾರ್ಯದರ್ಶಿಯೂ ಅಜ್ಜಿಯೂ ಈಗಿರುವ ಕಾಲವಲ್ಲ. ನೋಡಬೇಕೆಂದಿರುವುದು ಹಿರೇಭಾಸ್ಕರ ಅಣೆಕಟ್ಟನ್ನು. ನೀರು ಬಹಳ ಇಳಿದ ವರ್ಷಗಳಲ್ಲಿ ಅದು ಮೇಲೆ ಬರುತ್ತದೆ, ಜನ ಅದರ ಮೇಲೆ ನಡೆದಾಡುತ್ತಾರೆ. ಅದಕ್ಕೆ ಹಾಕಿರುವ ಸೈಫನ್‌ಗಳು ಗಣೇಶ ಅಯ್ಯರ್ ಎಂಬ ಮೈಸೂರಿನ ಎಂಜಿನಿಯರರ ಕಲ್ಪನೆ. ಅಣೆಕಟ್ಟು ತುಂಬಿದೊಡನೆ ಯಾರೂ ಬಾಗಿಲೆತ್ತದೆ ತಾನಾಗಿ ನೀರು ಹೊರಗೆ ಹರಿಯುವ ಏರ್ಪಾಡು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟಿಗೂ ಅವರದೇ ಸೈಫನ್. ಚಿಕ್ಕವರಿದ್ದಾಗ ಬುತ್ತಿ ಕಟ್ಟಿಕೊಂಡು ಹೋಗಿ ಅದು ಭೋರ್ಗರೆಯುವುದನ್ನು ನೋಡಿ ಕಿವಿ ಮುಚ್ಚಿಕೊಂಡಿದ್ದೆವು. ಇದನ್ನೆಲ್ಲ ಅತ್ತಿಗೆಗೆ ವಿವರಿಸಿ, ಜೊತೆಗೆ ಬಾ ಎಂದು ಕರೆದೆ. ಅವಳು ಹುರುಳಿಕಾಳು ಆರಿಸುತ್ತಾ ಪೂರ್ತಿ ಕೇಳಿಸಿಕೊಂಡಳು.

‘ಎರಡ್ರಲ್ಲೂ ಒಂದೇ ಸೈಫನ್ ಅಂದ್ಮೇಲೆ ಮಾರ್ಕೋನಹಳ್ಳೀಲೇ ನೋಡು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ್ಬಿಡಬೋದು’ ಎಂದಳು.